ಸೋಫಾ, ಪಾಡ್‌ಕಾಸ್ಟ್, ವಿಡಿಯೋ ಗೇಮ್: ಮತ ಕೇಳಲು ಬಂದವರನ್ನು ಎಲ್ಲಿ ನೋಡಿದರೆ ಏನು ಸಿಗುತ್ತದೆ?

ಅಭ್ಯರ್ಥಿಗಳು ಮನರಂಜನಾ ಕಾರ್ಯಕ್ರಮಗಳಿಗೆ ಹೋದರೆ ನಮ್ಮ ಫೋನಿಗೆ ಬರುವುದು ಅರ್ಧ ನಿಮಿಷದ ತುಣುಕು. ಅದನ್ನು ಬಿಟ್ಟು, ಪೂರ್ತಿ ಕಾರ್ಯಕ್ರಮಗಳನ್ನೇ ಹುಡುಕಿ ಕೂತು ನೋಡಿದೆ, ಹೆಚ್ಚಿನವು ಅಮೆರಿಕದವು. ಪಕ್ಕದಲ್ಲೊಂದು ಹಾಳೆ, ನಡುವೆ ಗೆರೆ. ಎಡಕ್ಕೆ ‘ಗೆದ್ದರೆ ಏನು ಮಾಡುತ್ತಾರಂತೆ’, ಬಲಕ್ಕೆ ‘ಆಳು ಹೇಗೆ’. ಬಲಗಡೆ ಪ್ರತಿ ಸಲವೂ ತುಂಬಿತು. ಎಡಗಡೆಯದ್ದೇ ತಕರಾರು.

ಹಾಸ್ಯ ಪ್ರಹಸನದಲ್ಲಿ ಎಡಗಡೆ ಪೂರ್ತಿ ಖಾಲಿ. 1968ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರಿಚರ್ಡ್ ನಿಕ್ಸನ್ ‘ಲಾಫ್-ಇನ್’ ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದು ಕೆಲವೇ ಸೆಕೆಂಡು, ಹೇಳಿದ್ದು ನಾಲ್ಕೇ ಪದ. ಎದುರಾಳಿ ಹಂಫ್ರಿಗೂ ಕರೆ ಹೋಗಿತ್ತು, ಅವರು ಒಲ್ಲೆ ಅಂದರು. ಬಿಗಿಮುಖದ ಮನುಷ್ಯ ತನ್ನನ್ನೇ ತಮಾಷೆ ಮಾಡಿಕೊಳ್ಳಬಲ್ಲ ಅಂತ ತೋರಿಸುವುದಷ್ಟೇ ಅಲ್ಲಿನ ಲೆಕ್ಕಾಚಾರ. 2024ರ ನವೆಂಬರ್‌ನಲ್ಲಿ ಕಮಲಾ ಹ್ಯಾರಿಸ್ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ತಮ್ಮ ಪಾತ್ರ ಮಾಡುವ ಮಾಯಾ ರುಡಾಲ್ಫ್ ಎದುರು ಕನ್ನಡಿಯ ಪ್ರತಿಬಿಂಬದಂತೆ ಕೂತದ್ದೂ ಇದೇ ಜಾತಿ. ನಗು ಬಂತು, ಮುಗಿಯಿತು.

ತಡರಾತ್ರಿಯ ಟಾಕ್ ಶೋ, ಅಂದರೆ ನಿರೂಪಕರ ಜೊತೆ ಸೋಫಾದಲ್ಲಿ ಕೂತು ಹರಟುವುದು, ಇದಕ್ಕಿಂತ ವಾಸಿ ಅಂದುಕೊಂಡೇ ಶುರು ಮಾಡಿದ್ದೆ. 1992ರ ಜೂನ್‌ನಲ್ಲಿ ಬಿಲ್ ಕ್ಲಿಂಟನ್ ಆರ್ಸೆನಿಯೊ ಹಾಲ್ ಶೋನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸ್ಯಾಕ್ಸೋಫೋನ್ ನುಡಿಸಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಅವರು ಕೂತು ಮಾತೂ ಆಡಿದ್ದರು ಅನ್ನುವುದು ಎಷ್ಟು ಜನರಿಗೆ ನೆನಪಿದೆ? ಈ ಮಾದರಿಯ ಗುಣವೇ ಅದು: ಮಾತು ಇರುತ್ತದೆ, ಆದರೆ ವಾದ್ಯ ಅದನ್ನು ನುಂಗಿಹಾಕುತ್ತದೆ. ಜೊತೆಗೆ ಉತ್ತರ ಸ್ವಲ್ಪ ಉದ್ದವಾದರೆ ಚಪ್ಪಾಳೆ ಬರುತ್ತದೆ, ಚಪ್ಪಾಳೆ ಮುಗಿಯುವಷ್ಟರಲ್ಲಿ ಜಾಹೀರಾತು.

ಉತ್ತರವನ್ನು ಹೀಗೆ ತುಂಡರಿಸುವ ಕಾಟ ಪಾಡ್‌ಕಾಸ್ಟ್‌ಗೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಪಾಡ್‌ಕಾಸ್ಟ್ ನಿರೂಪಕ ಜೋ ರೋಗನ್ ಎದುರು ಸುಮಾರು ಮೂರು ಗಂಟೆ ಕೂತರು. ಅದರಿಂದಾಗಿ ಮಿಷಿಗನ್‌ನಲ್ಲಿ ಸಭೆಗೆ ಬಂದಿದ್ದ ಜನ ಗಂಟೆಗಟ್ಟಲೆ ಕಾಯಬೇಕಾಯಿತು. ಪೂರ್ತಿ ಕೇಳಿದರೆ ಮನುಷ್ಯನ ಮಾತಿನ ಧಾಟಿ, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವ ರೀತಿ, ಯಾವುದಕ್ಕೆ ಉರಿದುಬೀಳುತ್ತಾರೆ, ಎಲ್ಲವೂ ಸಿಗುತ್ತದೆ. ಯಾರೂ ಮೂರು ಗಂಟೆ ನಟಿಸಲಾರರು, ಅದು ನಿಜ. ಆದರೆ ಒಂದು ಜಾಗ ನೋಡಿ. ಆದಾಯ ತೆರಿಗೆ ತೆಗೆದು ಆಮದು ಸುಂಕ ಹಾಕುವ ಬಗ್ಗೆ ಗಂಭೀರವಾಗಿಯೇ ಹೇಳುತ್ತಿದ್ದೀರಾ ಅಂತ ರೋಗನ್ ಕೇಳುತ್ತಾರೆ. ಹೌದು, ಯಾಕಾಗಬಾರದು ಅನ್ನುವ ಧಾಟಿಯ ಉತ್ತರ ಬರುತ್ತದೆ. ಇಡೀ ದೇಶದ ಖಜಾನೆಯ ಪ್ರಶ್ನೆ! ಅಷ್ಟು ಹಣ ಸುಂಕದಿಂದ ಹುಟ್ಟುತ್ತದೆಯೇ, ಸುಂಕದ ಹೊರೆ ಕೊನೆಗೆ ಯಾರ ತಲೆಗೆ ಅಂತ ಹಿಡಿದು ಕೂರುವವರು ಅಲ್ಲಿಲ್ಲ. ಎಡಗಡೆ ಒಂದು ಸಾಲು ಬರೆದುಕೊಂಡೆ, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಅದೇ ತಿಂಗಳು ಹ್ಯಾರಿಸ್ ‘ಕಾಲ್ ಹರ್ ಡ್ಯಾಡಿ’ ಪಾಡ್‌ಕಾಸ್ಟ್‌ಗೆ ಹೋಗಿದ್ದರು. ಇದು ಅದಕ್ಕಿಂತ ಬಹಳ ಚಿಕ್ಕದು. ನಿರೂಪಕಿ ಅಲೆಕ್ಸ್ ಕೂಪರ್ ತಾನು ರಾಜಕೀಯದ ತಂಟೆಗೆ ಸಾಮಾನ್ಯವಾಗಿ ಹೋಗುವವಳಲ್ಲ ಅಂತ ಮೊದಲೇ ಹೇಳಿಕೊಳ್ಳುತ್ತಾರೆ. ಆದರೂ ಗರ್ಭಪಾತದ ಹಕ್ಕಿನ ವಿಷಯಕ್ಕೆ ಬಂದಾಗ ಮಾತು ಬೇರೆಡೆಗೆ ಹಾರದೆ ಅಲ್ಲೇ ನಿಂತಿತು, ಹಾಗಾಗಿ ಎಡಗಡೆಗೂ ಏನೋ ದಕ್ಕಿತು. ಹಾಗಂತ ಇಲ್ಲೂ ಖಾರದ ಪ್ರಶ್ನೆ ಇಲ್ಲ. ಕೇಳುವವರು ಹೇಗೂ ತಮ್ಮ ಪಾಳಯದವರೇ ಅನ್ನುವ ನೆಮ್ಮದಿ ಎರಡೂ ಕಡೆ ಎದ್ದು ಕಾಣುತ್ತದೆ.

ನಮ್ಮಲ್ಲೂ ಇದರ ನಮೂನೆ ಉಂಟು. 2019ರ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿಯವರ ಮೇಲಿನ ಚಿತ್ರದ ಬಿಡುಗಡೆಯನ್ನು ಚುನಾವಣಾ ಆಯೋಗ ತಡೆಯಿತು. ಆದರೆ ಅದೇ ತಿಂಗಳು, ಮತದಾನದ ಹಂತಗಳ ನಡುವೆಯೇ, ನಟ ಅಕ್ಷಯ್ ಕುಮಾರ್ ಮೋದಿಯವರ ‘ರಾಜಕೀಯೇತರ’ ಸಂದರ್ಶನ ಮಾಡಿದರು. ಮಾವಿನ ಹಣ್ಣಿನ ಪ್ರಶ್ನೆ ಇದ್ದದ್ದು ಅದರಲ್ಲೇ. ಬಲಗಡೆ ಭರ್ತಿ, ಎಡಗಡೆ ಸೊನ್ನೆ. ಹೆಸರಲ್ಲೇ ಹೇಳಿಬಿಟ್ಟಿದ್ದರಿಂದ ದೂರುವಂತೆಯೂ ಇಲ್ಲ.

ನನಗೆ ಹಿಡಿಸಿದ್ದು ಗೇಮ್. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಗೇಮ್‌ಗಳನ್ನು ನೇರಪ್ರಸಾರ ಮಾಡುವ ಟ್ವಿಚ್ ತಾಣದಲ್ಲಿ ‘ಅಮಾಂಗ್ ಅಸ್’ ಆಡಿದರು. ಒಂದು ಹಂತದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ನೋಡುತ್ತಿದ್ದರು. ಉಳಿದ ಆಟಗಾರರನ್ನು ಗುಟ್ಟಾಗಿ ಮುಗಿಸಬೇಕಾದ ವೇಷಧಾರಿಯ ಪಾತ್ರ ಬಂದಾಗ ಅವರು ಪೇಚಿಗೆ ಬಿದ್ದದ್ದು ನೋಡಲು ಮಜಾ. ನೀತಿ ನಿಲುವು ಇಲ್ಲೂ ಕಡಿಮೆ. ಆದರೆ ಕೇಳಿದ್ದು ಸ್ಪಷ್ಟ: ಮತ ಹಾಕುವುದು ಹೇಗೆ ಅಂತ ತಿಳಿದುಕೊಳ್ಳಿ, ಹೋಗಿ ಹಾಕಿ. ಆಟದ ನೆಪದಲ್ಲಿ ನೀತಿ ಹೇಳುತ್ತೇನೆ ಅನ್ನುವ ಸೋಗು ಇಲ್ಲ.

ಇನ್ನೊಂದು ವ್ಯತ್ಯಾಸ ಪರದೆಯ ಮೇಲೆ ಕಾಣದ್ದು. ಅಮೆರಿಕದಲ್ಲಿ 1934ರ ಸಂವಹನ ಕಾಯ್ದೆ ಪ್ರಕಾರ, ಪ್ರಸಾರ ಕೇಂದ್ರವೊಂದು ಸುದ್ದಿಯೇತರ ಕಾರ್ಯಕ್ರಮದಲ್ಲಿ ಒಬ್ಬ ಅಭ್ಯರ್ಥಿಗೆ ಜಾಗ ಕೊಟ್ಟರೆ ಎದುರಾಳಿ ಕೇಳಿದಾಗ ಅವರಿಗೂ ಕೊಡಬೇಕು. ಹ್ಯಾರಿಸ್ ಪ್ರಹಸನದ ಮರುದಿನವೇ, ಅದನ್ನು ಪ್ರಸಾರ ಮಾಡಿದ್ದ ಎನ್‌ಬಿಸಿ ವಾಹಿನಿ ಟ್ರಂಪ್‌ಗೆ ಕಾರ್ ರೇಸ್ ಪ್ರಸಾರದಲ್ಲಿ ಪುಕ್ಕಟೆ ಸಮಯ ಕೊಟ್ಟಿತು. ಒಂದೆರಡು ನಿಮಿಷದ ನಗುವಿಗೆ ಈ ನಿಯಮ ಉಂಟು, ಮೂರು ಗಂಟೆಯ ಪಾಡ್‌ಕಾಸ್ಟ್‌ಗೆ ಇಲ್ಲ.

ಪುರುಸೊತ್ತು ಕಡಿಮೆ ಇದ್ದವರಿಗೆ: ಪ್ರಹಸನ, ಸೋಫಾ ಎರಡನ್ನೂ ಬಿಡಿ. ಪಾಡ್‌ಕಾಸ್ಟ್ ಕೇಳಿ, ಆದರೆ ಒಂದೂವರೆ ಪಟ್ಟು ವೇಗದಲ್ಲಿ. ನಿರೂಪಕರು ಅದೇ ವಿಷಯಕ್ಕೆ ಎರಡನೇ ಪ್ರಶ್ನೆ ಹಾಕುವ ಕಡೆ ಮಾತ್ರ ವೇಗ ಇಳಿಸಿ. ನನಗೆ ಹಾಗೆ ಇಳಿಸುವ ಪ್ರಸಂಗ ಬಂದದ್ದೇ ಅಪರೂಪ.