ಮುರುಗಲು ಬಾಟಲಿಗೆ ಫ್ರೆಂಚ್ ಲೇಬಲ್: ಒಂದು ಅನುವಾದ ಆ್ಯಪ್ ಬಳಸಿದ ಅನುಭವ

ಗೋಕರ್ಣದಲ್ಲಿ ನಮ್ಮದು ಚಿಕ್ಕ ಅಂಗಡಿ. ಮನೆಯಲ್ಲೇ ಮಾಡಿದ ಮುರುಗಲು ಸಿರಪ್ ಮಾರುತ್ತೇವೆ. ಓಂ ಬೀಚ್ ಕಡೆ ಹೋಗುವ ಫ್ರೆಂಚ್ ಪ್ರವಾಸಿಗರಿಗೂ ಅರ್ಥವಾಗಲಿ ಅಂತ ಇಂಗ್ಲಿಷ್ ಲೇಬಲ್ಲನ್ನು ಒಂದು ಉಚಿತ ಆ್ಯಪ್‌ನಲ್ಲಿ ಫ್ರೆಂಚ್‌ಗೆ ತಿರುಗಿಸಿದೆ. ‘ನೋ ಪ್ರಿಸರ್ವೇಟಿವ್ಸ್’ ಅನ್ನುವುದಕ್ಕೆ ಅದು ‘ಸಾಂ ಪ್ರೆಸೆರ್ವಾತೀಫ್’ ಅಂತ ಕೊಟ್ಟಿತು. 40 ಬಾಟಲಿಗೆ ಅಂಟಿಸಿಯೂ ಆಯಿತು. ಆಮೇಲೆ ಫ್ರಾನ್ಸಿನ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು, ಆ ಪದಕ್ಕೆ ಅವರಲ್ಲಿ ಕಾಂಡೋಮ್ ಅಂತ ಅರ್ಥ. ಬೇಕಾದದ್ದು ‘ಕೊನ್ಸೆರ್ವಾತ್ಯೋರ್’. ತುಂಬಾ ಬೇಜಾರಾಯಿತು. ಎಲ್ಲ ಲೇಬಲ್ಲನ್ನೂ ಬಿಸಿನೀರಲ್ಲಿ ನೆನೆಸಿ ಕಿತ್ತೆ.

‘ಯು’ ವಿಷಯವೂ ಹಾಗೇ. ಫ್ರೆಂಚ್‌ನಲ್ಲೂ ನಮ್ಮ ಹಾಗೆ ನೀನು, ನೀವು ಬೇರೆ ಬೇರೆ: ‘ತ್ಯು’, ‘ವು’. ಗಿರಾಕಿಗೆ ‘ವು’ ಅನ್ನಬೇಕು. ಆ್ಯಪ್ ಎಲ್ಲ ಕಡೆ ‘ತ್ಯು’ ಹಾಕಿತ್ತು. ಕನ್ನಡದವರಿಗೆ ಈ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ, ಅಲ್ವಾ?

ಉಚ್ಚಾರ ಕೇಳಿಸುವುದು ಮಾತ್ರ ಚೆನ್ನಾಗಿದೆ. ‘ಮೆರ್ಸಿ’ (ಧನ್ಯವಾದ) ಸರಿಯಾಗಿ ಹೇಳಲು ಕಲಿತದ್ದು ಅದರಿಂದಲೇ. ಬೆಲೆ ಹೇಳಲು, ದಾರಿ ತೋರಿಸಲು ಸಾಕು. ಲೇಬಲ್ ಅಚ್ಚು ಹಾಕಿಸುವ ಮೊದಲು, ಬಂದ ಫ್ರೆಂಚ್ ಪದವನ್ನು ಡಿಕ್ಷನರಿಯಲ್ಲಿ ಹುಡುಕಿ ಅರ್ಥ ನೋಡಿಕೊಳ್ಳಿ. ಹೊಸ ಲೇಬಲ್‌ಗೆ ನಾನು ಹಾಗೇ ಮಾಡಿದೆ. ಐದರಲ್ಲಿ ಎರಡು ಸ್ಟಾರ್.