ಬಿಲ್ಲಿನ ಸಾಲು ಕರಗಿಸುವ ಮೂರು ದಾರಿಗಳು: ಮುಂಬೈನ ಮಳಿಗೆಗಳಲ್ಲಿ ಬಳಸಿ ನೋಡಿದ್ದು

ಸಂಬಳ ಬಂದ ನಂತರದ ಮೊದಲ ಶನಿವಾರ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಯಾವ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋದರೂ ಬಿಲ್ ಕೌಂಟರಿನ ಸಾಲು ಅಕ್ಕಿ, ಬೇಳೆಯ ಕಪಾಟುಗಳವರೆಗೆ ಬೆಳೆದಿರುತ್ತದೆ. ವಾರವಿಡೀ ಲೋಕಲ್ ರೈಲಿನಲ್ಲಿ ನಿಂತವರು ರಜೆಯ ದಿನವೂ ಟ್ರಾಲಿ ಹಿಡಿದು ನಿಲ್ಲಬೇಕಾಗುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಅದಕ್ಕೇ ಸಾಲು ತಗ್ಗಿಸುತ್ತೇವೆ ಎನ್ನುವ ಹೊಸ ವ್ಯವಸ್ಥೆ ಎಲ್ಲಿ ಕಂಡರೂ ಬಳಸಿ ನೋಡುತ್ತೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯ ತಿಂಗಳ ದಿನಸಿಗೆ, ಸಿಬ್ಬಂದಿಯೇ ಕೈಯಂತ್ರ ಹಿಡಿದು ಸಾಲಿನ ಬಳಿಗೆ ಬರುವ ಪದ್ಧತಿಗೆ ಸಾಟಿಯಿಲ್ಲ.

ಹೆಚ್ಚು ಪ್ರಚಾರ ಸಿಕ್ಕಿರುವುದು ಮಾತ್ರ ನಮ್ಮದೇ ಫೋನಿನಲ್ಲಿ ಸ್ಕ್ಯಾನ್ ಮಾಡುವ ಆ್ಯಪ್‌ಗಳಿಗೆ. ಕಪಾಟಿನಿಂದ ಸಾಮಾನು ತೆಗೆದಾಗಲೇ ಬಾರ್‌ಕೋಡಿಗೆ ಕ್ಯಾಮೆರಾ ಹಿಡಿಯಬೇಕು, ಕೊನೆಯಲ್ಲಿ ಯುಪಿಐ ಮೂಲಕ ಹಣ ಕಟ್ಟಿ ಹೊರಡಬೇಕು. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪರ್ಪ್ಯೂಲ್ ಎಂಬ ಕಂಪನಿ ಇಂಥ ಆ್ಯಪ್‌ನಿಂದಲೇ ಹೆಸರು ಮಾಡಿತು. 2021ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಹಾಲು, ಬ್ರೆಡ್, ಸಾಬೂನು ಎಂದು ನಾಲ್ಕಾರು ವಸ್ತುಗಳಿಗೆ ಈ ದಾರಿ ನಿಜಕ್ಕೂ ಚೆನ್ನ. ಪ್ರತಿ ವಸ್ತುವಿನ ಬೆಲೆ ಕಣ್ಣೆದುರೇ ಕೂಡಿಕೊಳ್ಳುತ್ತಾ ಹೋಗುವುದರಿಂದ ಖರ್ಚಿನ ಮೇಲೆ ಹಿಡಿತವೂ ಇರುತ್ತದೆ. ಪಿನ್ ಒತ್ತದೆ 1000 ರೂಪಾಯಿವರೆಗೆ ಕಟ್ಟಬಹುದಾದ ಯುಪಿಐ ಲೈಟ್ ಇದ್ದರೆ ಸಣ್ಣ ಬಿಲ್ಲು ಕ್ಷಣದಲ್ಲಿ ಮುಗಿಯುತ್ತದೆ.

ಟ್ರಾಲಿ ತುಂಬಿದಾಗ ಕಥೆ ಬೇರೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಐದು ಕಿಲೋ ಗೋಧಿ ಹಿಟ್ಟು. ಚೀಲ ತಿರುಗಿಸಿ ಬಾರ್‌ಕೋಡ್ ಹುಡುಕುವಷ್ಟರಲ್ಲಿ ಹಿಂದಿನವರು ದಾರಿ ಕೇಳುತ್ತಾರೆ. ನಮ್ಮ ದೇಶದಲ್ಲಿ ನೋಂದಾಯಿಸಿದ ಪೊಟ್ಟಣಗಳ 13 ಅಂಕಿಯ ಸಂಖ್ಯೆ 890ರಿಂದ ಆರಂಭವಾಗುತ್ತದೆ, ಅದನ್ನು ಆ್ಯಪ್ ಸರಾಗವಾಗಿ ಓದುತ್ತದೆ. ತರಕಾರಿ ತೂಗುವಲ್ಲಿ ಅಂಟಿಸುವ ಚೀಟಿಯ ಸಂಖ್ಯೆ ಸಾಮಾನ್ಯವಾಗಿ 2ರಿಂದ ಶುರುವಾಗುತ್ತದೆ. ಅದು ಮಳಿಗೆಯ ಒಳಬಳಕೆಗೆ ಮೀಸಲಾದ ಸರಣಿ; ತೂಕವನ್ನೋ ಬೆಲೆಯನ್ನೋ ಆ ಅಂಕಿಗಳಲ್ಲೇ ಅಡಗಿಸಿರುತ್ತಾರೆ. ನಾನು ಬಳಸಿದ ಒಂದು ಆ್ಯಪ್‌ಗೆ ಈ ಚೀಟಿ ಅರ್ಥವೇ ಆಗಲಿಲ್ಲ. ಬೆಂಡೆಕಾಯಿ, ಟೊಮೆಟೊಗಾಗಿ ಮತ್ತೆ ಕೌಂಟರಿನ ಸಾಲಿಗೇ ಹೋಗಬೇಕಾಯಿತು.

ಇನ್ನೂ ದೊಡ್ಡ ತೊಡಕು ಬಾಗಿಲಲ್ಲಿದೆ. ಕಾಗದದ ಬಿಲ್ಲಿಗೆ ಸೆಕ್ಯುರಿಟಿಯವರು ಒಂದು ಮುದ್ರೆ ಒತ್ತಿ ಕಳುಹಿಸುತ್ತಾರೆ. ಫೋನಿನ ಪರದೆ ತೋರಿಸಿದರೆ ಚೀಲ ಬಿಚ್ಚಿಸಿ ಒಂದೊಂದನ್ನೇ ತಾಳೆ ನೋಡುತ್ತಾರೆ. ಅವರನ್ನು ದೂರುವಂತಿಲ್ಲ, ಕಳುವಾದರೆ ಉತ್ತರ ಹೇಳಬೇಕಾದವರು ಅವರೇ. ಆದರೆ ಕೌಂಟರಿನಲ್ಲಿ ಉಳಿಸಿದ ಹೊತ್ತು ಅಲ್ಲಿ ಕರಗಿಹೋಗುತ್ತದೆ, ಸಾಲು ಬಾಗಿಲಿಗೆ ಸರಿಯುತ್ತದೆ ಅಷ್ಟೆ. ಇನ್ನು ನೆಲಮಾಳಿಗೆಯ ಮಳಿಗೆಗಳಲ್ಲಿ ಹಣ ಕಟ್ಟುವ ಗಳಿಗೆಗೇ ನೆಟ್‌ವರ್ಕ್ ಕೈಕೊಟ್ಟರೆ ತುಂಬಿದ ಟ್ರಾಲಿಯನ್ನು ಏನು ಮಾಡುವುದು?

ಎರಡನೆಯ ದಾರಿ ನೋಡಲು ತೀರ ಸಾದಾ. ಸಾಲು ಉದ್ದವಾದ ಕೂಡಲೇ ಮಳಿಗೆಯ ಒಬ್ಬ ಹುಡುಗಿ ಮೊಬೈಲಿನಂಥ ಕೈಯಂತ್ರ ಹಿಡಿದು ಸಾಲಿನ ನಡುವೆ ಬರುತ್ತಾಳೆ. ನಾವು ನಿಂತಲ್ಲೇ ಟ್ರಾಲಿಯ ಸಾಮಾನನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೇ ಬಾರ್‌ಕೋಡ್ ಇರುವ ಚೀಟಿ ಕೊಡುತ್ತಾಳೆ. ಕೌಂಟರಿನಲ್ಲಿ ಆ ಚೀಟಿ ತೋರಿಸಿದರೆ ಇಡೀ ಪಟ್ಟಿ ಪರದೆಯ ಮೇಲೆ ಬರುತ್ತದೆ. ದುಡ್ಡು ಕೊಡುವುದಷ್ಟೇ ಬಾಕಿ. ಕೆಲವು ಕಡೆ ಆ ಯಂತ್ರದ ಪರದೆಯಲ್ಲೇ ಕ್ಯೂಆರ್ ಮೂಡಿ, ಸೊಂಟಕ್ಕೆ ಕಟ್ಟಿದ ಪುಟ್ಟ ಪ್ರಿಂಟರಿನಿಂದ ಬಿಲ್ಲೂ ಬರುತ್ತದೆ, ಕೌಂಟರಿಗೆ ಹೋಗುವ ಅಗತ್ಯವೇ ಇಲ್ಲ. ಮೊತ್ತ ಆ ಕ್ಯೂಆರ್‌ನೊಳಗೇ ಇರುವುದರಿಂದ ನಾವು ಅಂಕಿ ಒತ್ತಿ ತಪ್ಪುವ ಭಯವಿಲ್ಲ. ಹಣ ಬಂದದ್ದು ಯಂತ್ರಕ್ಕೇ ತಿಳಿಯುತ್ತದೆ, ನಮ್ಮ ಫೋನನ್ನು ಅವರಿಗೆ ತೋರಿಸುತ್ತಾ ನಿಲ್ಲಬೇಕಿಲ್ಲ.

ಇದು ಗೆಲ್ಲುವುದಕ್ಕೆ ಕಾರಣವಿದೆ. ಕೌಂಟರಿನಲ್ಲಿ ಹೊತ್ತು ತಿನ್ನುವುದು ಸ್ಕ್ಯಾನ್ ಅಲ್ಲ. ಬಾರ್‌ಕೋಡ್ ಹರಿದ ಒಂದು ಪೊಟ್ಟಣ, ಕಂಪ್ಯೂಟರಿಗೆ ಏರಿಸದ ಒಂದು ರಿಯಾಯಿತಿ, ಬೆಲೆ ಕೇಳಲು ಒಳಗೆ ಓಡುವ ಹುಡುಗ: ಒಬ್ಬರ ತೊಂದರೆಗೆ ಹಿಂದಿನ ಹತ್ತು ಜನ ಕಾಯುತ್ತಾರೆ. ಕೈಯಂತ್ರದವಳು ಆ ತೊಂದರೆಯನ್ನು ಸಾಲಿನ ಮಧ್ಯದಲ್ಲೇ, ಯಾರನ್ನೂ ತಡೆಯದೆ ಬಗೆಹರಿಸುತ್ತಾಳೆ. ಯಾವ ಪೊಟ್ಟಣದ ಬಾರ್‌ಕೋಡ್ ಎಲ್ಲಿದೆ ಎಂಬುದು ಅವಳ ಬೆರಳಿಗೇ ಗೊತ್ತು. ನಾನು ತಡಕಾಡುವ ಹಿಟ್ಟಿನ ಚೀಲ ಅವಳಿಗೆ ಒಂದು ಕ್ಷಣದ ಕೆಲಸ. ನಮ್ಮ ಅತ್ತೆ ಆ್ಯಪ್ ಕಂಡರೆ, "ನನ್ನ ಕೈಗೆ ಅದನ್ನು ಕೊಡಬೇಡಮ್ಮ, ನೀನೇ ಒತ್ತು" ಎನ್ನುವವರು. ಇಲ್ಲಿ ಅವರು ನನ್ನ ನೆರವಿಲ್ಲದೆ ಖರೀದಿ ಮುಗಿಸುತ್ತಾರೆ, ನೋಟು ಎಣಿಸಿಯೇ ಕೊಡುತ್ತಾರೆ. ಹಿರಿಯರನ್ನು ಹೊರಗಿಡದ ವ್ಯವಸ್ಥೆ ನನಗೆ ದೊಡ್ಡದು. ಒಬ್ಬ ಹುಡುಗಿಯ ಕೆಲಸ ಉಳಿಯುವುದೂ ಅಷ್ಟೇ ದೊಡ್ಡದು.

ಕೊರತೆ ಇಲ್ಲವೆಂದಲ್ಲ. ಹಬ್ಬದ ಮುನ್ನಾದಿನ, ಅಂದರೆ ಹೆಚ್ಚು ಬೇಕಾದಾಗಲೇ, ಸಿಬ್ಬಂದಿ ಸಾಲದೆ ಯಂತ್ರಗಳು ಕಪಾಟಿನಲ್ಲಿ ಉಳಿಯುತ್ತವೆ. ಗಣಪತಿ ಹಬ್ಬದ ಹಿಂದಿನ ಸಂಜೆ ಒಂದು ಮಳಿಗೆಯಲ್ಲಿ ಹೀಗಾದದ್ದು ನೋಡಿ ಬೇಸರವಾಯಿತು.

ಮೂರನೆಯದು ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುನ್ನ ಮಕ್ಕಳ ರೇನ್‌ಕೋಟ್, ಬೂಟುಗಳಿಗಾಗಿ ಡೆಕಾಥ್ಲಾನ್‌ಗೆ ಹೋದವರು ಇದನ್ನು ಕಂಡಿರುತ್ತೀರಿ. ಬಟ್ಟೆಗಳನ್ನೆಲ್ಲ ಒಂದು ತೊಟ್ಟಿಗೆ ಹಾಕಿದರೆ ಸಾಕು, ಒಂದನ್ನೂ ತಿರುಗಿಸದೆ ಪೂರ್ತಿ ಪಟ್ಟಿ ಪರದೆಗೆ ಬರುತ್ತದೆ. ಪ್ರತಿ ವಸ್ತುವಿನ ಆರ್‌ಎಫ್‌ಐಡಿ ಟ್ಯಾಗಿಗೂ ತನ್ನದೇ ಸಂಖ್ಯೆಯಿದ್ದು, ರೇಡಿಯೊ ಅಲೆಯಿಂದ ಎಲ್ಲವನ್ನೂ ಒಟ್ಟಿಗೆ ಓದಲಾಗುತ್ತದೆ. ಬಟ್ಟೆಬರೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದಿನಸಿಗೆ ಮಾತ್ರ ಹೊಂದುವುದಿಲ್ಲ. ನೀರು ಈ ಅಲೆಯನ್ನು ಹೀರುತ್ತದೆ, ಲೋಹ ತಿರುಗಿಸಿ ಕಳುಹಿಸುತ್ತದೆ. ಜ್ಯೂಸ್ ಬಾಟಲಿ, ತುಪ್ಪದ ಡಬ್ಬಿಗಳ ರಾಶಿಯಲ್ಲಿ ಟ್ಯಾಗು ತಪ್ಪಿಹೋಗಬಹುದು. ಒಂದು ಟ್ಯಾಗಿಗೆ ಕೆಲವು ರೂಪಾಯಿ ಬೀಳುವಾಗ ಹತ್ತು ರೂಪಾಯಿಯ ಬಿಸ್ಕತ್ತಿಗೆ ಅದನ್ನು ಯಾರು ಅಂಟಿಸಿಯಾರು?

ನಾವು ಎತ್ತಿಕೊಂಡದ್ದನ್ನು ಕ್ಯಾಮೆರಾಗಳಿಂದಲೇ ಗುರುತಿಸಿ ಲೆಕ್ಕ ಹಾಕುವ, ಕೌಂಟರೇ ಬೇಡವೆನ್ನುವ ಮಳಿಗೆಯನ್ನು ಅಮೆಜಾನ್ 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. 2024ರಲ್ಲಿ ಅಮೆರಿಕದ ತನ್ನ ದೊಡ್ಡ ದಿನಸಿ ಮಳಿಗೆಗಳಿಂದ ಆ ವ್ಯವಸ್ಥೆಯನ್ನು ತೆಗೆಯಲು ಹೊರಟು, ಸ್ಕ್ಯಾನ್ ಮಾಡುವ ಟ್ರಾಲಿಗಳತ್ತ ವಾಲಿತು. ತುಂಬಿದ ಟ್ರಾಲಿಯ ಗೋಜು ಅಲ್ಲೂ ಬಗೆಹರಿದಿಲ್ಲವೆಂದು ನನ್ನ ಎಣಿಕೆ.

ಮಾಟುಂಗಾ ಸ್ಟೇಷನ್ ಬಳಿ ಬಾಳೆಲೆ, ಮಂಗಳೂರು ಸೌತೆ ಮಾರುವವರ ಎದುರು ಇಂಥ ಸಾಲೇ ಬೆಳೆಯುವುದಿಲ್ಲ. ಬಾಯಿಲೆಕ್ಕ, ಕ್ಯೂಆರ್ ಫಲಕ, ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ, ಇಷ್ಟರಲ್ಲೇ ಮುಗಿಯಿತು.

ಸಣ್ಣ ಖರೀದಿಗೆ ಆ್ಯಪ್, ಬಟ್ಟೆಗೆ ಟ್ಯಾಗು, ದಿನಸಿಗೆ ಕೈಯಂತ್ರದ ಹುಡುಗಿ ಎಂದು ನಾನೀಗ ಹಂಚಿಕೊಂಡಿದ್ದೇನೆ. ಈ ಮೂರರಲ್ಲೂ ಒಂದು ತಡೆಯನ್ನು ಮಳಿಗೆಗಳು ತಾವೇ ಇಟ್ಟುಕೊಂಡಿವೆ: ಬಿಲ್ಲಿಗೆ ಮುಂಚೆ ಫೋನ್ ನಂಬರ್ ಕೇಳುವುದು. ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಹತ್ತು ಅಂಕಿಗಳನ್ನು ಗದ್ದಲದಲ್ಲಿ ಎರಡೆರಡು ಸಲ ಹೇಳುವಷ್ಟರಲ್ಲಿ ಒಂದು ಸಣ್ಣ ಬಿಲ್ಲು ಮುಗಿದಿರುತ್ತದೆ. ನಾನು ಕೊಡುವುದನ್ನು ನಿಲ್ಲಿಸಿದ್ದೇನೆ. ಬಿಲ್ಲು ಎಲ್ಲೂ ನಿಂತಿಲ್ಲ.