ಆಮೆಯ ಮೂಗಿನಲ್ಲಿ ಗುಳ್ಳೆ ಕಂಡರೆ ಇಂಥ ಕ್ಲಿನಿಕ್‌ಗೇ ಹೋಗಿ
ಲಂಡನ್ನಿನಲ್ಲಿ ಹಾವು, ಆಮೆಗಳನ್ನೇ ನೋಡುವ ಈ ಕ್ಲಿನಿಕ್‌ಗೆ ಐದಕ್ಕೆ ಐದು. ನಮ್ಮ ಹರ್ಮನ್ ಜಾತಿಯ ಆಮೆ ಸೊಪ್ಪು ಮುಟ್ಟುತ್ತಿರಲಿಲ್ಲ, ಮೂಗಿನಲ್ಲಿ ಸಿಂಬಳದ ಗುಳ್ಳೆ ಬೇರೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತಿತ್ತು. ಆಮೆಗೆ ವಪೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ, ಅದಕ್ಕೇ ಬರೀ ನೆಗಡಿ ಅಂತ ಸುಮ್ನೆ ಬಿಡಬಾರದು ಎಂದರು ಡಾಕ್ಟರ್. ಎಕ್ಸ್‌ರೇ ತೆಗೆದರು. ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ 3 ದಿನಕ್ಕೊಮ್ಮೆ, ಅದೂ ಮುಂಗಾಲಿಗೇ; ಹಿಂಗಾಲಿಗೆ ಕೊಟ್ಟರೆ ಔಷಧಿ ಮೊದಲು ಕಿಡ್ನಿಗೆ ಹೋಗಬಹುದು. ಶಾಖ ಕೊಡುವ ದೀಪದ ಕೆಳಗೆ 32ರಿಂದ 35 ಡಿಗ್ರಿ ಇರಲೇಬೇಕು, ರಾತ್ರಿಯೂ ಬೆಚ್ಚಗಿಡಿ, ತಣ್ಣಗಾದರೆ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಎಷ್ಟು ತಾಳ್ಮೆ ಅವರಿಗೆ! ಈಗ ಮೂಗು ಒಣಗಿದೆ, ಡ್ಯಾಂಡೆಲಿಯನ್ ಗಿಡದ ಎಲೆ ಗಬಗಬ ತಿನ್ನುತ್ತಿದೆ. ಫೀಸು ಜಾಸ್ತಿನೇ. ಶನಿವಾರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೊದಲೇ ಫೋನ್ ಮಾಡಿ.